ಎರಡು ಮಂಜಿಯ ಕಾಗದ

ನೀವು ಏನು ಓದಿದ್ದು ಎಂದು ಯಾರಾದರೂ ಕೇಳಿದರೆ ನಾನು ಚರಿತ್ರೆ ಎನ್ನುತ್ತೇನೆ. ಅದು ಸುಳ್ಳು. ದೊಡ್ಡ ಸುಳ್ಳೇನಲ್ಲ, ಅದರಿಂದ ಯಾರಿಗೂ ನಷ್ಟವಿಲ್ಲ; ಆದರೂ ಇಗರ್ಜಿಯಲ್ಲಿ ಪಾಪನಿವೇದನೆಗೆ ಮೊಣಕಾಲೂರಿದಾಗ ಇದನ್ನು ಹೇಳಬೇಕೋ ಬೇಡವೋ ಎಂದು ಪ್ರತಿ ಸಲ ಅನುಮಾನಿಸಿ, ಹೇಳದೆಯೇ ಎದ್ದು ಬರುತ್ತೇನೆ. ಹೇಳಿದರೆ ಪಾದ್ರಿಗಳು ಯಾಕೆ ಎಂದು ಕೇಳುತ್ತಾರೆ. ಹಿಂದೆ ಹತ್ತು ಜನ ಸಾಲಿನಲ್ಲಿ ಕಾದಿರುವಾಗ ಹೇಳಿ ಮುಗಿಸುವಂಥ ಉತ್ತರ ನನ್ನಲ್ಲಿಲ್ಲ.

ನಾನು ಓದಿದ್ದು ಅಂತರರಾಷ್ಟ್ರೀಯ ಸಂಬಂಧಗಳನ್ನು, ದಿಲ್ಲಿಯಲ್ಲಿ, ಎಂ.ಎ.ಗೆ. ದೇಶಗಳು ಒಂದರೊಡನೊಂದು ಹೇಗೆ ಮಾತಾಡುತ್ತವೆ, ಯಾವಾಗ ಮಾತು ಬಿಡುತ್ತವೆ, ಬಿಟ್ಟ ಮಾತನ್ನು ಯಾರನ್ನು ಮುಂದಿಟ್ಟುಕೊಂಡು ಮತ್ತೆ ಶುರುಮಾಡುತ್ತವೆ ಎಂಬುದೇ ಈ ಶಾಸ್ತ್ರ. ಪ್ರಾಧ್ಯಾಪಕರು ಇದನ್ನು ಬಹಳ ಗಂಭೀರವಾಗಿ ಕಲಿಸುತ್ತಿದ್ದರು. ನಾವು ಅದಕ್ಕಿಂತಲೂ ಗಂಭೀರವಾಗಿ ಬರೆದುಕೊಳ್ಳುತ್ತಿದ್ದೆವು. ರಜೆಯಲ್ಲಿ ಮಂಗಳೂರಿಗೆ ಬಂದರೆ ಕೊಡಿಯಾಲ್‌ಬೈಲಿನ ನಮ್ಮ ಓಣಿಯಲ್ಲಿ ಆ ಗಾಂಭೀರ್ಯಕ್ಕೆ ಬೆಲೆ ಇರಲಿಲ್ಲ. ಬುಟ್ಟಿ ಹೊತ್ತು ಬರುವ ಮೀನಿನ ಹೆಂಗಸು ನನ್ನ ವಿವರಣೆಯನ್ನೆಲ್ಲ ಕೇಳಿಸಿಕೊಂಡು, ಬಂಗುಡೆಗಳನ್ನು ಎಣಿಸಿ ಹಾಕುತ್ತ, "ಅಷ್ಟು ದೂರದ ಕಾಲೇಜಿನಲ್ಲಿ ಮೀನು ಕೊಯ್ಯಲಿಕ್ಕೆ ಕಲಿಸುದಿಲ್ವಾ?" ಎಂದಿದ್ದಳು. ನನಗೆ ಮೀನು ಕೊಯ್ಯಲು ಬರುತ್ತಿರಲಿಲ್ಲ ಎಂಬುದು ಅವಳಿಗೆ ತಿಳಿದಿತ್ತು.

ನಾನೂ ಸುಮ್ಮನಿರುವವಳಲ್ಲ. ಹೊರಗೆ ಮಾತು ಕಡಿಮೆ, ಮನೆಯೊಳಗೆ ಮಾತ್ರ ಓದಿದ್ದನ್ನೆಲ್ಲ ಬಡಿಸುತ್ತಿದ್ದೆ. ಪಕ್ಕದ ಹಿತ್ತಿಲಿಗೂ ನಮ್ಮ ಹಿತ್ತಿಲಿಗೂ ನಡುವೆ ಒಂದು ಹಲಸಿನ ಮರ. ಬುಡ ನಮ್ಮ ಕಡೆ, ಕಾಯಿ ಬಿಡುವ ಕೊಂಬೆ ಅವರ ಕಡೆ. ಗಡಿಯ ಮೇಲಿನ ಸಂಪತ್ತು ಯಾರಿಗೆ ಸೇರಬೇಕೆಂದು ನಾನು ಯುರೋಪಿನ ಮೂರು ನದಿಗಳ ಉದಾಹರಣೆ ಕೊಟ್ಟೆ. ಮಾಂಯ್, ಅಂದರೆ ನನ್ನ ತಾಯಿ, ಕೊನೆಯವರೆಗೂ ಕೇಳಿ, "ಅವರೇ ತಿನ್ನಲಿ ಬಾಯೆ. ನನಗೆ ಆ ಮೇಣ ಬಿಡಿಸ್ಲಿಕ್ಕೆ ಆಗುದಿಲ್ಲ" ಎಂದಳು. ವಿವಾದ ಅಲ್ಲಿಗೆ ಮುಗಿಯಿತು. (ಮನೆಯಲ್ಲಿ ನಮ್ಮದು ಕೊಂಕಣಿ. ಆ ಮಾತನ್ನು ಇಲ್ಲಿ ಈ ಊರಿನ ಕನ್ನಡಕ್ಕೆ ತಂದುಕೊಂಡಿದ್ದೇನೆ.)

ಅರವತ್ತೈದನೆಯ ಇಸವಿಯ ಮಳೆಗಾಲದಲ್ಲಿ ನಾನು ಪ್ರೌಢಪ್ರಬಂಧ ಬರೆಯಲೆಂದು ಮನೆಗೆ ಬಂದಿದ್ದೆ. ವಿಷಯ, ಯುದ್ಧಕಾಲದಲ್ಲಿ ತಟಸ್ಥ ದೇಶಗಳ ಕೆಲಸ. ಎರಡು ದೇಶಗಳು ಹೊಡೆದಾಡುವಾಗ ಮೂರನೆಯದೊಂದು ನಡುವೆ ನಿಂತು ಸೆರೆಯಾಳುಗಳ ಪಟ್ಟಿ, ಗಾಯಾಳುಗಳ ಸುದ್ದಿ, ತಾಯಂದಿರ ಕಾಗದಗಳನ್ನು ಆಚೆಯಿಂದ ಈಚೆಗೆ ಸಾಗಿಸುತ್ತದಲ್ಲ, ಅದರ ಕುರಿತು. ಮನೆಯಲ್ಲಿ ನಾವಿಬ್ಬರೇ. ತಂದೆ ತೀರಿಕೊಂಡ ಮೇಲೆ ಅವರ ಕೋಣೆ ನನ್ನದಾಗಿತ್ತು. ರಸ್ತೆಯ ಕಡೆಗೆ ಒಂದು ಕಿಟಕಿ, ಗೋಡೆಗೆ ತಾಗಿಸಿದ ಮೇಜು, ಒಳಗಿನಿಂದ ಹಾಕಿಕೊಳ್ಳಬಹುದಾದ ಒಂದು ಚಿಲಕ. ಆ ಚಿಲಕದ ಬೆಲೆ ಹಾಸ್ಟೆಲಿನಲ್ಲಿ ಇದ್ದವರಿಗೆ ಗೊತ್ತು.

ಆಗಸ್ಟಿನಲ್ಲಿ ಕರಾಚಿಯಿಂದ ನತಾಲಿ ಮಾವ್ಶಿಯ ಕಾಗದ ಬಂತು. ಮಾವ್ಶಿ ಮಾಂಯ್‌ಯ ಒಬ್ಬಳೇ ತಂಗಿ. ಮದುವೆಯಾಗಲಿಲ್ಲ. ನರ್ಸ್ ಕೆಲಸಕ್ಕೆಂದು ಆ ಊರಿಗೆ ಹೋದಾಗ ದೇಶ ಒಂದೇ ಆಗಿತ್ತು. ಬೊಂಬಾಯಿಗೆ ಹೋದ ಹಾಗೆ ಹೋದಳು. ಆಮೇಲೆ ಅವಳು ಇದ್ದಲ್ಲೇ ಇದ್ದಳು, ದೇಶ ಬೇರೆಯಾಯಿತು. ಈಗ ಕೆಲಸದಿಂದ ನಿವೃತ್ತಿ, ಹೊಟ್ಟೆಯಲ್ಲಿ ಏನೋ ಗಡ್ಡೆ. ಕಾಗದದ ಕೊನೆಯಲ್ಲಿ ಹೀಗೆ ಬರೆದಿದ್ದಳು: "ನಿನ್ನ ಮನೆಯಲ್ಲಿ ನನಗೊಂದು ಮಂಚ ಹಾಕುವಷ್ಟು ಜಾಗ ಉಂಟಾ? ಇಲ್ಲದಿದ್ದರೆ ಇಲ್ಲ ಅಂತ ಬರಿ, ಬೇಜಾರಿಲ್ಲ. ಉಂಟು ಅಂತಾದರೆ ಆ ಒಂದು ಶಬ್ದ ಬರಿ. ಉಳಿದದ್ದು ನಾನು ನೋಡಿಕೊಳ್ತೇನೆ."

ಮಾಂಯ್ ಅಂದು ಮಧ್ಯಾಹ್ನವೇ ಉತ್ತರ ಬರೆದಳು. ಮೊದಲ ಸಾಲಿನಲ್ಲಿ 'ಉಂಟು, ಬಾ' ಎಂದು ಬರೆದು, ಮುಂದೆ ನಾಲ್ಕು ಪುಟ ಯಾವ ಡಾಕ್ಟರು, ಯಾವ ಹಾಸಿಗೆ, ಯಾವ ಗಂಜಿ ಎಂದೆಲ್ಲ ತುಂಬಿಸಿದಳು. ಲಕೋಟೆ ಅಂಟಿಸುತ್ತ ನನಗೆ ಹೇಳಿದಳು: "ಆ ಕೋಣೆ ಅವಳಿಗೆ. ನೀನು ಊಟದ ಮೇಜಿನ ಮೇಲೆ ಬರಿ."

"ಆಗಲಿ" ಎಂದೆ.

ಕಾಗದ ಹೊರಟ ಕೆಲವು ದಿನಗಳಲ್ಲಿ ಯುದ್ಧ ಶುರುವಾಯಿತು. ಸುದ್ದಿ ನಮಗೆ ರೇಡಿಯೋದಿಂದ ತಿಳಿಯಿತು. ಆದರೆ ಮಾಂಯ್‌ಗೆ ಯುದ್ಧ ನಿಜವಾಗಿ ಬಂದದ್ದು ಅಂಚೆಯವನ ಕೈಯಲ್ಲಿ. ಅವಳ ಕಾಗದ, ಅಂಚೆ ಸಂಪರ್ಕವಿಲ್ಲ ಎಂಬ ಮುದ್ರೆಯೊಡನೆ, ಒಡೆಯದೆ ಹಿಂದಿರುಗಿ ಬಂತು. ಲಕೋಟೆಯನ್ನು ತಿರುಗಿಸಿ ತಿರುಗಿಸಿ ನೋಡಿ, "ಎಲ್ಲಿಯವರೆಗೆ ಹೋಗಿ ಬಂತಂತೆ?" ಎಂದು ಕೇಳಿದಳು. ಅರ್ಧ ದಾರಿಯಾದರೂ ಹೋಗಿದ್ದರೆ ಅವಳಿಗೆ ಸಮಾಧಾನವಾಗುತ್ತಿತ್ತೇನೋ.

ಕದನ ನಿಂತಿತು, ಅಂಚೆ ಮಾತ್ರ ಶುರುವಾಗಲಿಲ್ಲ. ಅಕ್ಟೋಬರಿನ ಆರಂಭದ ಒಂದು ಬೆಳಿಗ್ಗೆ ಹಾಜಿಯವರು ಬಂದರು. ಹಾಜಿಯವರದ್ದು ಬಂದರಿನಲ್ಲಿ ಹೆಂಚು ಮತ್ತು ಒಣಮೀನಿನ ವ್ಯಾಪಾರ. ನನ್ನ ತಂದೆ ಹೆಂಚಿನ ಕಾರ್ಖಾನೆಯೊಂದರಲ್ಲಿ ಗುಮಾಸ್ತರಾಗಿದ್ದಾಗ ಕೊಲಂಬೊಗೆ ಹೋಗುವ ಹೆಂಚೆಲ್ಲ ಇವರ ಗೋದಾಮಿನಿಂದಲೇ ಮಂಜಿ ಹತ್ತುತ್ತಿತ್ತು. ಮಂಜಿ ಎಂದರೆ ನಮ್ಮ ಬಂದರಿನ ಹಾಯಿಯ ದೊಡ್ಡ ದೋಣಿ. ತಂದೆ ಹೋದ ಮೇಲೂ ಮಳೆಗಾಲ ಮುಗಿದೊಡನೆ ನಮ್ಮ ಮಾಡು ನೋಡಿ, ಒಡೆದ ಹೆಂಚುಗಳನ್ನು ಬದಲಿಸಲು ಆಳು ಕಳಿಸುವುದನ್ನು ಅವರು ತಪ್ಪಿಸಿರಲಿಲ್ಲ. ಜಗಲಿಯಲ್ಲಿ ಕೂತು ಚಾ ಕುಡಿಯುತ್ತ ಮಾಂಯ್‌ಯಿಂದ ಸಂಗತಿಯನ್ನೆಲ್ಲ ಕೇಳಿದರು.

"ಆ ಕಾಗದ ನನಗೆ ಕೊಡಿ ಬಾಯಮ್ಮ" ಎಂದರು. "ಕೊಲಂಬೊದಲ್ಲಿ ನಮ್ಮ ಜನ ಉಂಟು. ಅಲ್ಲಿಂದ ಕರಾಚಿಗೆ ಅಂಚೆ ನಿಂತಿಲ್ಲವಲ್ಲ, ಅವರು ಬೇರೆ ಲಕೋಟೆಯಲ್ಲಿ ಹಾಕಿ ಕಳಿಸ್ತಾರೆ. ಇನ್ನೊಂದು ಪ್ರತಿ ಬರೆದು ಕೊಡಿ. ಮುಖ್ಯದ ಕಾಗದ ಆದ್ರೆ ಬಂದರಿನವರು ಒಂದೇ ಕಳಿಸುವ ಕ್ರಮ ಇಲ್ಲ. ಎರಡು ಬರೆದು ಎರಡು ಮಂಜಿಯಲ್ಲಿ ಹಾಕುದು. ಒಂದು ಮುಳುಗಿದ್ರೆ ಇನ್ನೊಂದು ಮುಟ್ತದೆ."

"ಎರಡೂ ಮುಟ್ಟಿದ್ರೆ?" ಎಂದಳು ಮಾಂಯ್.

"ಎರಡು ಸಲ ಓದ್ತಾರೆ. ಅದರಲ್ಲಿ ನಿಮಗೆ ಎಂತ ನಷ್ಟ?"

ಮಾಂಯ್ ನಕ್ಕಳು. ಎಷ್ಟೋ ದಿನಗಳ ಮೇಲೆ ನಕ್ಕದ್ದು. ಕಾಗದ ತರಲು ಎದ್ದವಳನ್ನು, ಕೋಣೆಯ ಬಾಗಿಲಲ್ಲಿ ನಿಂತಿದ್ದ ನಾನು ತಡೆದೆ.

ಹಾಗೆ ಕಳಿಸುವುದು ಸರಿಯಲ್ಲ ಎಂದೆ. ಸರಕಾರವೇ ಅಂಚೆ ನಿಲ್ಲಿಸಿರುವಾಗ ಮೂರನೆಯ ದೇಶದಿಂದ ಸುತ್ತಿಸಿ ಕಾಗದ ಕಳಿಸಿದರೆ ಅದನ್ನು ನೋಡುವವರು ಬೇರೆಯೇ ಅರ್ಥ ಮಾಡುತ್ತಾರೆ. ಮುಂದಿನ ವರ್ಷ ನನಗೆ ವಿದೇಶಾಂಗ ಸೇವೆಯ ಪರೀಕ್ಷೆ ಇದೆ, ಮನೆಯವರ ವಿಚಾರವನ್ನೆಲ್ಲ ವಿಚಾರಿಸುತ್ತಾರೆ. ಹಾಜಿಯವರಿಗೂ ತೊಂದರೆಯಾದೀತು.

"ಮಗಳೇ, ಇದರಲ್ಲಿ ಒಂದು ಮಂಚದ ವಿಷಯ ಬಿಟ್ರೆ ಬೇರೆಂತ ಉಂಟು?" ಎಂದರು ಹಾಜಿಯವರು.

"ಒಳಗೇನಿದೆ ಎಂದು ಯಾರೂ ನೋಡುವುದಿಲ್ಲ. ಯಾವ ದಾರಿಯಲ್ಲಿ ಹೋಯಿತು ಎಂದು ನೋಡುತ್ತಾರೆ. ನಿಮ್ಮನ್ನು ಕರೆಸಿ ಕೇಳಬಹುದು."

ಅದು ಪೂರ್ತಿ ಕಲ್ಪನೆಯಾಗಿರಲಿಲ್ಲ. ಆ ದಿನಗಳಲ್ಲಿ ಯಾರ್ಯಾರೋ ಅವರ ಅಂಗಡಿಯೊಳಕ್ಕೆ ಬಂದು ರೇಡಿಯೋದ ಮುಳ್ಳು ಯಾವ ದೇಶದ ಸ್ಟೇಶನ್ನಿನಲ್ಲಿ ನಿಂತಿದೆ ಎಂದು ಇಣುಕಿ ಹೋಗುತ್ತಿದ್ದರು. ಹಾಜಿಯವರು ಲೋಟ ಕೆಳಗಿಟ್ಟು, "ನನ್ನನ್ನು ಕರೆಯುವವರು ಕಾಗದ ಇಲ್ಲದಿದ್ರೂ ಕರೀತಾರೆ ಮಾರಾಯ್ತಿ" ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ಮತ್ತೆ ಕೇಳಿದರು: "ಹಾಗಾದ್ರೆ ಅಂಚೆ ಶುರುವಾಗ್ಲಿಕ್ಕೆ ಎಷ್ಟು ದಿನ ಬೇಕು? ನೀನು ಓದಿದವಳು."

ಗೊತ್ತಿಲ್ಲ ಎನ್ನಬಹುದಿತ್ತು. ಸ್ನಾತಕೋತ್ತರ ತರಗತಿಯಲ್ಲಿ ನಮಗೆ ಎಷ್ಟೋ ಕಲಿಸಿದ್ದರು, ಆ ಒಂದು ಮಾತನ್ನು ಹೇಳಲು ಮಾತ್ರ ಅಭ್ಯಾಸ ಮಾಡಿಸಿರಲಿಲ್ಲ. ನಾನು ಹಿಂದಿನ ಎರಡು ಯುದ್ಧಗಳ ನಿದರ್ಶನ ಕೊಟ್ಟು, ಒಂದು ತಿಂಗಳು, ಹೆಚ್ಚೆಂದರೆ ಆರು ವಾರ ಎಂದೆ.

ಮಾಂಯ್ ಇಬ್ಬರ ಮುಖವನ್ನೂ ನೋಡಿದಳು. "ಓದಿದವಳು ಹೇಳ್ತಾಳಲ್ಲ. ಕಾಯುವ" ಎಂದು ಕಾಗದವನ್ನು ದೇವರ ಗೂಡಿನಲ್ಲಿ, ಮಾತೆಯ ಮೂರ್ತಿಯ ಹಿಂದೆ ಇಟ್ಟಳು.

ಆರು ವಾರ ಕಳೆಯಿತು. ಇನ್ನೂ ಕೆಲವು ವಾರ ಕಳೆದವು. ಪ್ರತಿ ಸಂಜೆ ದೀಪ ಹಚ್ಚಿ ನಾವಿಬ್ಬರೂ ತೇರ್ಸ್ ಮಾಡುತ್ತಿದ್ದೆವು. ಮಣಿಯ ಸರ ಹಿಡಿದು ಹೇಳುವ ಈ ಜಪ ಮುಗಿದ ಮೇಲೆ ನಮ್ಮಲ್ಲಿ ಹೆಸರು ಹೇಳಿ ಬೇಡುವ ರೂಢಿ ಇದೆ: ರೋಗಿಗಳಿಗಾಗಿ ಒಂದು ಜಪ, ಪ್ರಯಾಣದಲ್ಲಿರುವವರಿಗಾಗಿ ಒಂದು, ತೀರಿಕೊಂಡವರಿಗಾಗಿ ಒಂದು. ರೋಗಿಗಳಲ್ಲಿ ಮಾವ್ಶಿಯ ಹೆಸರು ಮೊದಲು ಬರುತ್ತಿತ್ತು. ಕ್ರಿಸ್ಮಸ್ಸಿಗೆ ಮಾಡಿದ ಕುಸ್ವಾರ್ ತಿಂಡಿಗಳಲ್ಲಿ ಅವಳ ಪಾಲೆಂದು ಮಾಂಯ್ ಒಂದು ಡಬ್ಬಿ ಬೇರೆಯಿಟ್ಟಳು. ನಾನು ನನ್ನ ಕೋಣೆಯಲ್ಲಿ, ಚಿಲಕ ಹಾಕಿಕೊಂಡು, ನಾಲ್ಕನೆಯ ಅಧ್ಯಾಯ ಮುಗಿಸಿದೆ. ತಟಸ್ಥ ದೇಶವೊಂದು ಯುದ್ಧದ ನಡುವೆಯೂ ತಾಯಂದಿರ ಕಾಗದಗಳನ್ನು ಹೇಗೆ ಮುಟ್ಟಿಸಿತು ಎಂಬುದು ಅದರ ವಿಷಯ. ಪರೀಕ್ಷಕರು ಆಮೇಲೆ ಬೇರೆ ಅಧ್ಯಾಯಗಳನ್ನು ಬಿಟ್ಟು ಅದನ್ನೇ ಹೊಗಳಿದರು, ಮಾನವೀಯವಾಗಿದೆ ಎಂದು.

ಎರಡು ದೇಶಗಳ ನಡುವೆ ಒಪ್ಪಂದವಾಗಿ, ಅಂಚೆ ತೆರೆದು, ಕರಾಚಿಯ ಕಾಗದ ಬಂದಾಗ ಅದರ ಮೇಲಿನ ಅಕ್ಷರ ಮಾವ್ಶಿಯದಾಗಿರಲಿಲ್ಲ. ಅವಳೊಡನೆ ಕೆಲಸ ಮಾಡಿದ್ದ ಇನ್ನೊಬ್ಬ ನರ್ಸ್ ಬರೆದದ್ದು. ನತಾಲಿ ಕ್ರಿಸ್ಮಸ್ಸಿಗೆ ಎರಡು ವಾರ ಮೊದಲು ತೀರಿಕೊಂಡಳು, ನೋವು ಇತ್ತು, ಪಾದ್ರಿಗಳು ಸಮಯಕ್ಕೆ ಬಂದರು. ದಿನಾ ಅಂಚೆ ಬಂತೇ ಎಂದು ಕೇಳುತ್ತಿದ್ದಳು. ಅಂಚೆ ನಿಂತಿದೆ ಎಂದು ತಿಳಿಸಿದರೆ ಹೇಳುತ್ತಿದ್ದಳಂತೆ: "ನನ್ನ ಅಕ್ಕನ ಮಗಳು ದಿಲ್ಲಿಯಲ್ಲಿ ಇದನ್ನೇ ಓದುವುದು. ಅವಳಿಗೆ ಬೇರೆ ದಾರಿ ಗೊತ್ತಿರ್ತದೆ."

ಕಾಗದ ಓದಿ ಹೇಳಿದವಳು ನಾನು, ಇಂಗ್ಲಿಷಿನಲ್ಲಿತ್ತು. ಆ ಸಾಲನ್ನು ಬಿಟ್ಟು ಓದಬಹುದಿತ್ತು. ಬಿಡಲಿಲ್ಲ. ನನ್ನ ಪರವಾಗಿ ಹೇಳಿಕೊಳ್ಳಲು ಇರುವುದು ಅಷ್ಟೇ.

ಮಾಂಯ್ ಕಪ್ಪು ಸೀರೆ ಉಟ್ಟಳು. ಏಳನೆಯ ದಿನದ ಪೂಜೆ, ತಿಂಗಳ ಪೂಜೆ ಎರಡೂ ನಮಗೆ ಗೊತ್ತಿಲ್ಲದೆ ಕಳೆದುಹೋಗಿದ್ದವು. ಎರಡನ್ನೂ ಒಟ್ಟಿಗೆ ಮಾಡಿಸಿದಳು. ಹಾಜಿಯವರು ಬಂದು ಜಗಲಿಯಲ್ಲಿ ಕೂತು, "ಅಂದು ನಾನು ಜೋರು ಮಾಡಿ ತಕೊಂಡು ಹೋಗ್ಬೇಕಿತ್ತು ಬಾಯಮ್ಮ" ಎಂದರು. ನನ್ನ ತಪ್ಪನ್ನು ನನ್ನ ಎದುರಿಗೇ ಇನ್ನೊಬ್ಬರು ಎತ್ತಿಕೊಂಡು ಹೋಗುವುದನ್ನು ನೋಡುತ್ತ ನಾನು ಚಾ ಲೋಟಗಳನ್ನು ಒಳಗೆ ಒಯ್ದೆ. ಆರು ವಾರ ಎಂದಿದ್ದೆಯಲ್ಲ ಎಂದು ಮಾಂಯ್ ಒಮ್ಮೆಯೂ ಕೇಳಲಿಲ್ಲ. ಕೇಳಿದ್ದರೆ ನಿದರ್ಶನಗಳನ್ನು ಹೇಳಿ ವಾದಿಸಬಹುದಿತ್ತು.

ಅಂದು ಬಾಗಿಲಲ್ಲಿ ನಿಂತು ಆಡಿದ ಮಾತುಗಳನ್ನು ಒಂದೊಂದಾಗಿ ತೂಗಿ ನೋಡಿದ್ದೇನೆ. ಕಾನೂನಿನ ಮಾತಿನಲ್ಲಿ ಸ್ವಲ್ಪ ನಿಜವಿತ್ತು. ಹಾಜಿಯವರ ಮೇಲಿನ ಕಾಳಜಿಯಲ್ಲೂ ಇತ್ತು. ಆದರೆ ನಾನು ನಿಂತಿದ್ದ ಬಾಗಿಲು ಯಾವುದು ಎಂದು ಯೋಚಿಸುತ್ತೇನೆ. ಆ ಬಾಗಿಲ ಹಿಂದೆ ನನ್ನ ಮೇಜು ಇತ್ತು, ನನ್ನ ಕಿಟಕಿ, ನನ್ನ ಚಿಲಕ ಇದ್ದವು. 'ಉಂಟು, ಬಾ' ಎಂಬ ಕಾಗದ ಮುಟ್ಟಿದರೆ ಖಾಲಿಮಾಡಬೇಕಾಗಿದ್ದದ್ದು ಅದೇ ಕೋಣೆ. ಆಗ ಅದು ನನ್ನ ಮನಸ್ಸಿನಲ್ಲಿ ಇರಲಿಲ್ಲ ಎಂದು ಹೇಳಲು ಬಹಳ ಸಲ ಪ್ರಯತ್ನಿಸಿದ್ದೇನೆ. ತಟಸ್ಥ ದೇಶಗಳ ಬಗ್ಗೆ ನಾನು ಬರೆದ ನೂರಿಪ್ಪತ್ತು ಪುಟಗಳಲ್ಲಿ, ಅವು ಮನೆಯೊಳಗೆ ಯಾವ ಕೋಣೆಯನ್ನು ಕಾಯುತ್ತಿದ್ದವು ಎಂಬ ಪ್ರಶ್ನೆ ಒಮ್ಮೆಯೂ ಬರುವುದಿಲ್ಲ.

ವಿದೇಶಾಂಗ ಸೇವೆಯ ಪರೀಕ್ಷೆಗೆ ನಾನು ಕೂರಲಿಲ್ಲ. ಹುಡುಗಿಯರ ಶಾಲೆಯೊಂದರಲ್ಲಿ ಚರಿತ್ರೆ ಕಲಿಸುತ್ತೇನೆ. ನನ್ನ ಸುಳ್ಳಿಗೆ ಅಷ್ಟರಮಟ್ಟಿಗೆ ಆಧಾರವಿದೆ. ಕೋಣೆಯಲ್ಲಿ ಮಾಂಯ್ ಒಂದು ಮಂಚ ಹಾಕಿಸಿದ್ದಾಳೆ. ಅದರ ಮೇಲೆ ಯಾರೂ ಮಲಗುವುದಿಲ್ಲ. ಮಕ್ಕಳ ಉತ್ತರ ಪತ್ರಿಕೆಗಳನ್ನು ನಾನು ಊಟದ ಮೇಜಿನ ಮೇಲೆ ತಿದ್ದುತ್ತೇನೆ. ಬಜಪೆಗೆ ಇಳಿಯುವ ವಿಮಾನದ ಸದ್ದು ಕೇಳಿದರೆ ಮಾಂಯ್ ಈಗಲೂ ಒಮ್ಮೆ ತಲೆಯೆತ್ತುತ್ತಾಳೆ.

ತೇರ್ಸ್ ಮಾತ್ರ ಮೊದಲಿನ ಹಾಗೆಯೇ ನಡೆಯುತ್ತದೆ. ಅದರಲ್ಲಿ ಒಂದು ದೋಷ ಕೆಲವು ದಿನಗಳಿಂದ ನನ್ನ ಕಿವಿಗೆ ಬೀಳುತ್ತಿತ್ತು. ತೀರಿಕೊಂಡವರ ಹೆಸರುಗಳಲ್ಲಿ ಮಾವ್ಶಿಯ ಹೆಸರು ಬರುತ್ತದೆ, ಸರಿ. ಆದರೆ ಅದಕ್ಕೆ ಮೊದಲು ರೋಗಿಗಳಲ್ಲಿಯೂ ಬರುತ್ತದೆ. ಮಾಂಯ್‌ಗೆ ವಯಸ್ಸಾಯಿತು, ನಾಲಗೆಗೆ ಹಳೆಯ ಅಭ್ಯಾಸ ಎಂದುಕೊಂಡೆ. ತಪ್ಪು ಕಂಡರೆ ತಿದ್ದದೆ ಇರುವುದು ನನಗೆ ಇನ್ನೂ ಕಷ್ಟ. ಒಂದು ಸಂಜೆ ಮೆತ್ತಗೆ ಹೇಳಿದೆ: "ಮಾಂಯ್, ಮಾವ್ಶಿಯ ಹೆಸರು ಎರಡು ಕಡೆ ಬರ್ತದೆ."

"ಗೊತ್ತುಂಟು" ಎಂದಳು. ದೀಪದ ಬತ್ತಿಯನ್ನು ಸ್ವಲ್ಪ ಮುಂದೆ ದೂಡಿದಳು. "ಹಾಜಿಯವರು ಹೇಳಿದ್ದು ನಿನಗೆ ನೆನಪಿಲ್ವಾ? ಮುಖ್ಯದ್ದು ಆದ್ರೆ ಎರಡರಲ್ಲಿ ಹಾಕ್ಬೇಕು."

ಎರಡೂ ಮುಟ್ಟಿದರೆ ಎಂದು ನಾನು ಕೇಳಲಿಲ್ಲ. ಅದರ ಉತ್ತರವೂ ಅಂದೇ ಸಿಕ್ಕಿತ್ತು. ಮರುದಿನ ಸಂಜೆ ಜಪ ಹೇಳಿಕೊಡುವ ಸರದಿ ನನ್ನದು. ರೋಗಿಗಳ ಹೆಸರು ಬಂದಾಗ ಒಮ್ಮೆ, ತೀರಿಕೊಂಡವರ ಹೆಸರು ಬಂದಾಗ ಇನ್ನೊಮ್ಮೆ, ನತಾಲಿ ಎಂದೆ.