ಮೆತ್ತಣ್ಣ ಹೊಲಿದ ಜಾಕೆಟ್ಟುಗಳು

ನನ್ನ ಗಂಡನ ಕಸುಬು ಹಾಸಿಗೆ, ದಿಂಬು ಹೊಲಿಯುವುದು. ಊರಿಗೆಲ್ಲ ಅವರು ‘ಮೆತ್ತಣ್ಣ’. ಗಟ್ಟಿ ಅನ್ನುವಂಥದ್ದು ಕಣ್ಣಿಗೆ ಬಿದ್ದರೆ ಸಾಕು, ಅವರ ಕೈ ತುರಿಸುತ್ತದೆ. ಅಂಚೆ ಕಚೇರಿಯ ಸ್ಟೂಲಿಗೆ, ಕ್ಷೌರದಂಗಡಿ ಕುರ್ಚಿಗೆ, ಕೊನೆಗೆ ಬಸ್ ಡ್ರೈವರನ ಸೀಟಿಗೂ ಮೆತ್ತೆ ಹಾಕಿಕೊಟ್ಟ ಮಹಾಶಯರು. ಮನೆಯಲ್ಲಿ ಗಟ್ಟಿಯಾಗಿ ಉಳಿದಿರುವುದು ನನ್ನ ಬಾಯೊಂದೇ.

ಕೆರೆಯಲ್ಲಿ ದೋಣಿ ನಡೆಸುವವನು ನನ್ನ ಮೈದುನ. ಲೈಫ್ ಜಾಕೆಟ್ ಹಾಕದವರನ್ನು ಅವನು ದೋಣಿ ಹತ್ತಿಸುವುದೇ ಇಲ್ಲ. ಆದರೆ ಹಳೇ ಜಾಕೆಟ್ಟುಗಳು ಹರಿದು, ಒಳಗಿನ ಥರ್ಮಾಕೋಲಿನಂಥ ಬಿರುಸು ಹಾಳೆಗಳು ಕುತ್ತಿಗೆಗೆ ಚುಚ್ಚುತ್ತಿದ್ದವು. ಜನ ನಡುನೀರಿನಲ್ಲಿ ಬಿಚ್ಚಿಡುತ್ತಿದ್ದರು. “ಅಣ್ಣಾ, ಏನಾದ್ರೂ ಮಾಡು” ಅಂದ. ಇವರು ಆ ಹಾಳೆಗಳನ್ನೆಲ್ಲ ಕಿತ್ತೆಸೆದು, ಹಾಸಿಗೆಗೆ ಹಾಕುವ ಒಳ್ಳೆ ಸ್ಪಾಂಜು ತುಂಬಿ ಹೊಲಿದುಕೊಟ್ಟರು. ಆಮೇಲೆ ಬಿಚ್ಚಿ ಅಂದರೂ ಯಾರೂ ಬಿಚ್ಚುತ್ತಿರಲಿಲ್ಲ. ಮೆತ್ತಣ್ಣನ ಮುಖ ನೋಡಬೇಕಿತ್ತು!

ಆ ಭಾನುವಾರ ಮಗಳು ಮಗುವನ್ನೆತ್ತಿಕೊಂಡು ಚಿಕ್ಕಪ್ಪನ ದೋಣಿಯಲ್ಲಿ ಸುತ್ತಾಡಲು ಹೋಗಿದ್ದಳು. ಇತ್ತ ನಾನು, ಕೆಸರಾಗಿ ಒಗೆಯಲು ಬಂದಿದ್ದ ಒಂದು ಜಾಕೆಟ್ಟನ್ನು ಹಿತ್ತಿಲ ಡ್ರಮ್ಮಿನ ನೀರಿಗೆ ಹಾಕಿ, ಸೋಪು ತರಲು ಒಳಗೆ ಹೋದೆ. ಬಂದು ನೋಡಿದರೆ ಜಾಕೆಟ್ಟೇ ಇಲ್ಲ. ಕೈ ಹಾಕಿದೆ. ತಳದಲ್ಲಿತ್ತು! ಎತ್ತಿದರೆ ತುಂಬಿದ ಕೊಡದಷ್ಟು ಭಾರ.

“ರೀ! ಬನ್ರೀ ಇಲ್ಲಿ! ಇದು ಮುಳುಗುತ್ತೇರೀ!”

ಓಡಿ ಬಂದವರು ಜಾಕೆಟ್ಟನ್ನು ಹಿಂಡಿ ನೋಡಿದರು. “ಸ್ಪಾಂಜು ನೀರು ಕುಡಿಯುತ್ತಲ್ಲೇ…” ಅಂದರು, ಆಗಷ್ಟೇ ತಿಳಿದವರ ಹಾಗೆ. ಅಯ್ಯೋ ದೇವರೇ, ಜೀವಮಾನವಿಡೀ ಸ್ಪಾಂಜು ಕತ್ತರಿಸಿದ ಮನುಷ್ಯ! ಚಪ್ಪಲಿಯೂ ಇಲ್ಲದೆ ಇಬ್ಬರೂ ಕೆರೆಯತ್ತ ಓಡಿದೆವು.

ದೋಣಿ ಕೆರೆಯ ನಡುವೆ ಇತ್ತು. ಮಗಳಿಗೆ ಈಜು ಬರುವುದಿಲ್ಲ. ಇವರು ಕೂಗಲು ಬಾಯಿ ತೆರೆದರು. ತಟ್ಟನೆ ಕೈಯಿಂದ ಮುಚ್ಚಿದೆ. “ಕೂಗಿದ್ರೆ ಗಾಬರಿಯಾಗಿ ಎದ್ದು ನಿಲ್ತಾಳೆ, ದೋಣಿ ಮಗುಚುತ್ತೆ. ಸುಮ್ನಿರಿ!” ನಾನೇ ಕೈ ಬೀಸಿ ಕರೆದೆ. ಮೈದುನ ಹಲ್ಲು ಕಿರಿದು, ತಾನೂ ಕೈ ಬೀಸಿ, ಇನ್ನೊಂದು ಸುತ್ತು ಶುರು ಮಾಡಿದ.

ಅವನು ಯಾರು ಕರೆದರೂ ಬರಲಾರ, ಊಟಕ್ಕೆ ಕರೆದರೆ ಬಿಡಲಾರ. ದಿನಾ ಕರೆಯುವ ಹಾಗೇ ಕೂಗಿದೆ: “ಬಾರೋ, ಊಟ ಆರಿಹೋಗುತ್ತೆ!”

“ಬಂದೇ ಅತ್ತಿಗೇ!” ದೋಣಿ ತಿರುಗಿತು.

ಅದು ದಡ ಮುಟ್ಟುವವರೆಗೂ ಇವರು ನನ್ನ ಮುಂಗೈ ಬಿಡಲಿಲ್ಲ. ಉಗುರಿನ ಗುರುತು ಎಷ್ಟೋ ದಿನ ಇತ್ತು. ಮಗಳು ಮಗುವನ್ನು ಹೆಗಲಿಗೆ ಹಾಕಿಕೊಂಡು ಇಳಿದು, ತುಟಿಗೆ ಬೆರಳಿಟ್ಟಳು.

“ಶ್! ಮೆಲ್ಲಗೆ ಅಪ್ಪಾ. ಜಾಕೆಟ್ ಎಷ್ಟು ಮೆತ್ತಗಿದೆ ನೋಡು, ಹಾಕಿದ್ದೇ ತಡ ನಿದ್ದೆ ಹೋಗ್ಬಿಟ್ಟ. ನೀನೇ ಹೊಲಿದಿದ್ದಲ್ವಾ, ಇನ್ನೇನು ಭಯ ಅಂತ ನಾನು ಅವನನ್ನ ಹಿಡ್ಕೊಂಡೂ ಇರ್ಲಿಲ್ಲ.”

ಇವರು ಮಗುವಿನ ಜಾಕೆಟ್ಟು ಬಿಚ್ಚಲು ಕೈ ಚಾಚಿದರು. ಎಷ್ಟು ಸಲ ಒತ್ತಿದರೂ ಅವರಿಗೆ ಬಕಲ್ಲು ಬಿಚ್ಚಲಾಗಲಿಲ್ಲ. ನಾನೇ ಬಿಚ್ಚಿದೆ.