ಕನ್ನಡಕಕ್ಕೆ ಎಲಾಸ್ಟಿಕ್ ಕಟ್ಟಿದ ಗ್ಲೌಸಕ್ಕ

ಬೆಳಗಿನ ಆರು ಗಂಟೆ. ಆಸ್ಪತ್ರೆಯ ಮೂರನೇ ಮಹಡಿಯ ಪ್ರಯೋಗಾಲಯದಲ್ಲಿ ಐವತ್ತು ದಾಟಿದ ಹೆಂಗಸೊಬ್ಬರು ಮೇಜನ್ನು ಮೂರನೇ ಸಲ ಒರೆಸುತ್ತಿದ್ದಾರೆ. ಅವರ ಕೆಲಸದ ಬಗ್ಗೆ ಬರೆಯಲು ಬಂದ ನನ್ನ ಕಣ್ಣಿಗೆ ಅದು ಮೊದಲ ಸಲವೇ ಫಳಫಳ ಹೊಳೆಯುತ್ತಿತ್ತು. ಹಾಗೆ ಹೇಳಹೊರಟರೆ, ‘ಮಾಸ್ಕ್ ಹಾಕ್ಕೊಂಡು ಮಾತಾಡಿ, ಇಲ್ಲಾಂದ್ರೆ ಸುಮ್ನಿರಿ’ ಎಂದು ಗದರುತ್ತಾರೆ. ನಾನು ಮಾಸ್ಕ್ ಏರಿಸಿಕೊಳ್ಳುತ್ತೇನೆ.

ಇಲ್ಲಿ ಎಲ್ಲರೂ ಇವರನ್ನು ಕರೆಯುವುದು ಗ್ಲೌಸಕ್ಕ ಎಂದು. ದಿನಕ್ಕೆ ನಲವತ್ತು ಜೊತೆ ಕೈಗವಸು ಬದಲಿಸುತ್ತಾರೆ. ಬಾಗಿಲ ಹಿಡಿ ಮುಟ್ಟಿದರೆ ಒಂದು ಜೊತೆ, ಪೆನ್ನು ಮುಟ್ಟಿದರೆ ಇನ್ನೊಂದು. ಇಪ್ಪತ್ತೆರಡು ವರ್ಷದ ಹಿಂದೆ ಇಲ್ಲಿನವರ ಬಿಳಿ ಕೋಟುಗಳಿಗೆ ಗುಂಡಿ ಹೊಲಿಯಲು ಬಂದ ದರ್ಜಿ ಇವರು. ಗಂಡ ತೀರಿಕೊಂಡ ಮೇಲೆ ಗಾಜಿನ ಸಾಮಾನು ತೊಳೆಯುವ ಕೆಲಸ ಸಿಕ್ಕಿತು. ತೊಳೆಯುತ್ತಲೇ ಪಕ್ಕದವರ ಕೈ ನೋಡಿ ಕಲಿತು, ಸಂಜೆ ತರಗತಿಗೆ ಹೋಗಿ, ಎರಡನೇ ಪ್ರಯತ್ನದಲ್ಲಿ ಪರೀಕ್ಷೆ ಪಾಸಾಗಿ ಟೆಕ್ನಿಷಿಯನ್ ಆದರು. ಜೀವಕೋಶದಿಂದ ಮೆಸೆಂಜರ್ ಆರ್‌ಎನ್‌ಎ ಹೊರತೆಗೆಯುವುದು ಈಗ ಅವರ ಕಸುಬು.

ಹಾಗೆಂದರೇನು ಎಂದು ಕೇಳುತ್ತೇನೆ.

‘ಜೀನ್ ಅನ್ನೋದು ಮೂಲ ಪುಸ್ತಕ. ಅದು ಜೀವಕೋಶದ ಒಳಕೋಣೆ ಬಿಟ್ಟು ಹೊರಗೆ ಬರಲ್ಲ. ಯಾವ ಪ್ರೋಟೀನ್ ತಯಾರಾಗ್ಬೇಕೋ ಅದರ ಪುಟದ ನಕಲು ಮಾತ್ರ ಹೊರಗೆ ಹೋಗುತ್ತೆ. ಮೊದಲ ನಕಲಲ್ಲಿ ಬೇಡದ ತುಂಡುಗಳು ತುಂಬಾ ಇರ್ತವೆ. ಅವನ್ನ ಕತ್ತರಿಸಿ, ಬೇಕಾದ್ದನ್ನ ಜೋಡಿಸಿ, ಒಂದು ತುದಿಗೆ ಟೋಪಿ, ಇನ್ನೊಂದಕ್ಕೆ ಬಾಲ ಹಾಕಿದ ಮೇಲೇ ಕಳಿಸೋದು, ಅದೇ ಮೆಸೆಂಜರ್ ಆರ್‌ಎನ್‌ಎ. ಬಟ್ಟೆ ಕತ್ತರಿಸಿ ಹೊಲಿದೋಳು ನಾನು, ಇದೊಂದು ಬೇಗ ತಲೆಗೆ ಹೋಯ್ತು.’

ಕೆಲಸ ಮುಗಿದ ಮೇಲೆ ಆ ನಕಲು ಏನಾಗುತ್ತದೆ?

‘ಜೀವಕೋಶವೇ ಚೂರುಚೂರು ಮಾಡಿಬಿಡುತ್ತೆ. ಇಲ್ದಿದ್ರೆ ತಯಾರಿಕೆ ನಿಲ್ಲೋದೇ ಇಲ್ವಲ್ಲ!’

ಹೀಗೆ ಚೂರು ಮಾಡುವ ಕಿಣ್ವ ನಮ್ಮ ಚರ್ಮದಲ್ಲೂ ಬೆವರಲ್ಲೂ ಎಂಜಲಲ್ಲೂ ಇದೆ. ಚೂರು ತಾಕಿದರೂ ನಕಲು ಪುಡಿಪುಡಿ. ಇಷ್ಟೆಲ್ಲ ಒರೆಸಾಟಕ್ಕೆ ಅದೇ ಕಾರಣ.

ಇಂದು ಅವರ ಮುಂದಿರುವುದು ಏಳು ವರ್ಷದ ಹುಡುಗಿಯೊಬ್ಬಳ ತೊಡೆಯಿಂದ ತೆಗೆದ ಸ್ನಾಯುವಿನ ಚೂರು, ಅಕ್ಕಿಕಾಳಿನಷ್ಟು. ಹುಡುಗಿಗೆ ಮೆಟ್ಟಿಲು ಹತ್ತಲಾಗುತ್ತಿಲ್ಲ. ಅವಳ ಜೀನ್‌ಗಳನ್ನು ಓದಿದ ವೈದ್ಯರಿಗೆ ಸ್ಪಷ್ಟ ಕಾರಣ ಸಿಕ್ಕಿಲ್ಲ. ನಕಲನ್ನು ಕತ್ತರಿಸಿ ಜೋಡಿಸುವಲ್ಲಿ ಎಡವಟ್ಟಾಗಿದೆಯೇ ನೋಡಬೇಕು. ಅದಕ್ಕೆಂದೇ ಹೋದ ತಿಂಗಳು ಒಂದು ಚೂರು ಬಂದಿತ್ತು. ಅದನ್ನು ಹಾಳುಮಾಡಿದ್ದು ಸ್ವತಃ ಗ್ಲೌಸಕ್ಕ.

‘ಕನ್ನಡಕ ಜಾರ್ತು. ಗೊತ್ತಿಲ್ದೇನೇ ಬೆರಳಲ್ಲಿ ಮೇಲೆ ತಳ್ಳಿದೆ. ಅದೇ ಗ್ಲೌಸಲ್ಲಿ ಟ್ಯೂಬಿನ ಮುಚ್ಚಳ ತೆಗೆದೆ. ಇಷ್ಟು ವರ್ಷ ಇದಕ್ಕೇ ಊರವರಿಗೆಲ್ಲ ಬೈದೋಳು ನಾನು!’

ಯಾರೂ ನೋಡಿರಲಿಲ್ಲ. ಆದರೂ ತಾವೇ ಹೋಗಿ ಹುಡುಗಿಯ ತಾಯಿಗೆ ತಪ್ಪು ಒಪ್ಪಿಕೊಂಡರು. ಆಕೆ ಕೂಗಾಡಲಿಲ್ಲವಂತೆ. ‘ಇನ್ನೊಂದೇ ಸಲ ಮೇಡಂ. ಆಮೇಲೆ ನನ್ನ ಮಗಳನ್ನ ಕುಯ್ಯೋಕೆ ಬಿಡಲ್ಲ’ ಎಂದಷ್ಟೇ ಹೇಳಿದರಂತೆ. ಆ ತಾಯಿ ಈಗ ಹೊರಗಿನ ಬೆಂಚಿನ ಮೇಲೆ ಕೂತಿದ್ದಾರೆ.

ಗ್ಲೌಸಕ್ಕ ಕನ್ನಡಕದ ಕಡ್ಡಿಗಳಿಗೆ ಲಂಗದ ಎಲಾಸ್ಟಿಕ್ ಹೊಲಿದು ತಲೆಯ ಹಿಂದೆ ಬಿಗಿದುಕೊಂಡಿದ್ದಾರೆ. ನನಗೆ ನಗು ಬರುತ್ತದೆ, ನಗುವ ಧೈರ್ಯವಿಲ್ಲ. ಮೂರು ಗಂಟೆ ಕಾಲ ಬರೀ ಮಂಜುಗಡ್ಡೆ, ಟ್ಯೂಬು, ಗಿರಗಿರ ತಿರುಗುವ ಯಂತ್ರ. ಕೊನೆಗೆ ಉಳಿಯುವುದು ಒಂದು ಹನಿ. ಅದರಲ್ಲೇ ಚೂರು ತೆಗೆದು ಪರೀಕ್ಷೆಗಿಡುತ್ತಾರೆ.

‘ಎರಡು ಗೆರೆ ಚೊಕ್ಕವಾಗಿ ಕಂಡ್ರೆ ನಕಲು ಚೂರಾಗಿಲ್ಲ, ಎಲ್ಲ ನೆಟ್ಟಗಿದೆ ಅಂತ. ಹೋದ ಸಲ ಬರೀ ಮಸಿ ಬಳಿದ ಹಾಗಿತ್ತು’ ಎನ್ನುತ್ತಾ ಇನ್ನೊಂದು ಜೊತೆ ಕೈಗವಸು ಬದಲಿಸುತ್ತಾರೆ.

ಪರದೆ ಬೆಳಗುತ್ತದೆ. ಎರಡು ಗೆರೆ, ಚೊಕ್ಕವಾಗಿ. ನಾನೇ ಕೂಗಿಬಿಡುತ್ತೇನೆ. ಪುಣ್ಯಕ್ಕೆ ಮಾಸ್ಕ್ ಇದೆ.

ಈ ನಕಲನ್ನು ಓದುವವರು ಬೇರೆ, ಅದಕ್ಕೆ ಇನ್ನೂ ವಾರಗಳು ಬೇಕು. ಕಾರಣ ಸಿಗಬಹುದು, ಸಿಗದೆಯೂ ಹೋಗಬಹುದು. ಗ್ಲೌಸಕ್ಕ ಕೈಗವಸು ಕಳಚಿ ಹೊರಗೆ ಹೋಗುತ್ತಾರೆ.

‘ಸಿಕ್ತಮ್ಮ, ಪೂರ್ತಿ ಸಿಕ್ತು. ಇದಕ್ಕೋಸ್ಕರ ಇನ್ನು ಮಗೂನ ಕುಯ್ಯೋದಿಲ್ಲ.’

ತಾಯಿ ಎದ್ದು ನಿಲ್ಲುತ್ತಾರೆ. ಗ್ಲೌಸಕ್ಕನ ಮುಖ ನೋಡುತ್ತಾರೆ.

‘ಕಿವಿ ಕೆಂಪಗಾಗಿದೆ ನೋಡಿ’ ಎನ್ನುತ್ತಾರೆ. ‘ಇನ್ನಾದ್ರೂ ಆ ಎಲಾಸ್ಟಿಕ್ ಬಿಚ್ಚಿ, ಅಕ್ಕ.’