ತಿರುಗೂ ರಸ್ತಾ

ಘಾಟಿನ ಅಂಕುಡೊಂಕು ರಸ್ತೆಯ ಟ್ರಿಪ್ಪಿಗೆ ಗಾಡಿ ಗೊತ್ತು ಮಾಡುವ ಕೆಲಸವನ್ನು ಗೆಳತಿಯರು ನನಗೆ ಒಪ್ಪಿಸಿದ್ದರು. ನನ್ನಿಂದ ಆಗದಿದ್ದರೆ ಅಣ್ಣ ಮಾಡುತ್ತಾನೆ. ಮಾಡಿದವನು ಜೊತೆಗೂ ಬರುತ್ತಾನೆ. ಅದಕ್ಕೇ ಅಕ್ಕಲಕೋಟೆ ಸ್ಟ್ಯಾಂಡಿನಲ್ಲಿ ಮೈಂದರ್ಗಿಯ ಡ್ರೈವರ್ ಕಾಕಾನ ಮುಂದೆ ಧೈರ್ಯ ಮಾಡಿ ನಿಂತೆ.

“ಕಾಕಾ, ನಮಗ ತಿರುಗೂ ರಸ್ತಾ ಬೇಕ್ರಿ.”

“ಅದಕ್ಯಾಕ ಚಿಂತಿ? ಹೋದ ರಸ್ತಾದಾಗನ ತಿರುಗಿ ಬರೂದು.”

“ಹಂಗಲ್ರಿ...”

ಇಂಗ್ಲಿಷ್ ಮೀಡಿಯಂ ಸಾಲಿಯವಳಾದ ನನ್ನ ಕನ್ನಡ ಅಲ್ಲಿಗೆ ಮುಗಿಯಿತು. ಧೂಳು ಹಿಡಿದ ಬಾನೆಟ್ಟಿನ ಮೇಲೆ ಬೆರಳಿನಿಂದ ಹಾವಿನಂಥ ಗೆರೆ ಎಳೆದೆ.

ಕಾಕಾ ಬಗ್ಗಿ ನೋಡಿದರು. “ವಾಂತಿ ಆಗೂ ರಸ್ತಾ ಅಂತ ಮದ್ಲ ಹೇಳಬಾರದೇನವಾ!”

“ಹೂಂರಿ, ಅದ ಬೇಕು.”

“ಲಿಂಬಿಹಣ್ಣು ನಾ ತರತೀನಿ,” ಅಂದರು. ಗಾಡಿ ಪಕ್ಕಾ ಆಯಿತು.

ಗೆಳತಿಯರ ಗ್ರೂಪಿನಲ್ಲಿ ‘ಸೀನಿಕ್ ರೂಟ್ ಕನ್ಫರ್ಮ್’ ಎಂದು ಹಾಕಿದೆ. ಲಿಂಬೆಹಣ್ಣಿನ ವಿಷಯ ಬರೆಯಲಿಲ್ಲ.